ನೇರ ರಸ್ತೆಯ ಶೂರರು

ಕಾರಿನ ಮಾತು ಬಂದರೆ ನಮ್ಮ ಅಪ್ಪಂದಿರ ಕಾಲದಲ್ಲಿ ಮೊದಲ ಪ್ರಶ್ನೆ "ಲೀಟರಿಗೆ ಎಷ್ಟು ಕೊಡುತ್ತೆ?" ಎಂಬುದಾಗಿತ್ತು. ಈಗ ಆಫೀಸಿನ ಕ್ಯಾಂಟೀನಿನಲ್ಲಿ, ಕನ್ನಡ ಸಂಘದ ಶನಿವಾರದ ಕೂಟದಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಕೇಳುವ ಪ್ರಶ್ನೆ ಬೇರೆ: "ಜೀರೋ ಟು ಹಂಡ್ರೆಡ್ ಎಷ್ಟು?" ಉತ್ತರ ನಾಲ್ಕು ಸೆಕೆಂಡಿಗಿಂತ ಕಡಿಮೆಯಿದ್ದರೆ ಅದು ಸ್ಪೋರ್ಟ್ಸ್ ಕಾರು, ಎಂಟಿದ್ದರೆ ಡಬ್ಬ. ವಾದ ಅಲ್ಲಿಗೆ ಮುಗಿಯಿತು. ಹಳೆಯ ಪ್ರಶ್ನೆಯನ್ನು ನಾವೆಲ್ಲ ಗೇಲಿ ಮಾಡಿದವರೇ. ಆದರೆ ಅದನ್ನು ಕೇಳಿದವರು ಪ್ರತಿ ತಿಂಗಳೂ ಪೆಟ್ರೋಲ್ ಬಂಕಿನಲ್ಲಿ ಆ ಸಂಖ್ಯೆಗೆ ದುಡ್ಡು ಎಣಿಸುತ್ತಿದ್ದರು. ಹೊಸ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಆ ಸಂಖ್ಯೆಯನ್ನು ಕಾರಿನ ಆಯುಷ್ಯದಲ್ಲಿ ಎರಡು ಸಲ ಬಳಸುತ್ತಾರೆ: ಕಾರು ಕೊಂಡ ವಾರ ಒಮ್ಮೆ, ಊರಿಂದ ಭಾವ ಬಂದಾಗ ಇನ್ನೊಮ್ಮೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟುವ ಸಮಯ ಒಂದು ಕಾಲದಲ್ಲಿ ಸ್ಪೋರ್ಟ್ಸ್ ಕಾರಿನ ಬಗ್ಗೆ ಏನಾದರೂ ಹೇಳುತ್ತಿತ್ತು. ಈಗ ಹೇಳುತ್ತಿಲ್ಲ. ಆದರೂ ಅದನ್ನೇ ಅಳತೆಗೋಲು ಮಾಡಿಕೊಂಡು ಕೂತಿರುವುದರಿಂದ ಕೊಳ್ಳುವವರು ತಪ್ಪು ಕಾರನ್ನು ಕೊಳ್ಳುತ್ತಿದ್ದಾರೆ, ಕಟ್ಟುವವರು ತಪ್ಪು ಕಾರನ್ನು ಕಟ್ಟುತ್ತಿದ್ದಾರೆ. ಹಗುರವಾದ, ಸರಳವಾದ, ಓಡಿಸುವವನನ್ನು ಚಾಲಕನನ್ನಾಗಿ ಮಾಡುವ ಕಾರುಗಳು ಒಂದೊಂದಾಗಿ ಮರೆಯಾಗುತ್ತಿವೆ.

ಇಷ್ಟು ಓದುವಷ್ಟರಲ್ಲೇ ಕೆಲವರು ನಗುತ್ತಿರುತ್ತಾರೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರು ಸೆಕೆಂಡಿನ ಕಾರು ಕೊಳ್ಳಲಾಗದವನು ಅಂಕಿಯೇ ಸುಳ್ಳು ಅಂತಾನೆ." ಹೌದು ಸ್ವಾಮಿ, ನೆಲ ಡೊಂಕೇ. ರಸ್ತೆ ಡೊಂಕಾಗಿರುವ ಕಡೆ ಕುಣಿಯಲೆಂದೇ ಸ್ಪೋರ್ಟ್ಸ್ ಕಾರು ಹುಟ್ಟಿದ್ದು. ನೆಟ್ಟಗಿರುವ ನೆಲದಲ್ಲಿ ಕುಣಿದದ್ದಕ್ಕೆ ಚಪ್ಪಾಳೆ ಹೊಡೆಯುತ್ತಿರುವವರು ನೀವು.

ಈ ಅಳತೆ ಬಂದದ್ದು ಅಮೆರಿಕದಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ 'ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಗೆ ಕಾರುಗಳ ಪರೀಕ್ಷೆ ಬರೆಯುತ್ತಿದ್ದ ಟಾಮ್ ಮೆಕ್‌ಕಾಹಿಲ್ ಇದನ್ನು ಜನಪ್ರಿಯ ಮಾಡಿದವರೆಂದು ಹೆಸರಾಗಿದ್ದಾರೆ. ಅವರ ಲೆಕ್ಕ ಸೊನ್ನೆಯಿಂದ 60 ಮೈಲಿ, ಅಂದರೆ ಸುಮಾರು 97 ಕಿ.ಮೀ. ಆಗ ಅದು ಒಳ್ಳೆಯ ಅಳತೆಯೇ ಆಗಿತ್ತು. ಯಾಕೆಂದರೆ ಆ ಒಂದು ಸಂಖ್ಯೆಯೊಳಗೆ ಹಲವು ಸಂಗತಿಗಳು ಸೇರಿಕೊಂಡಿದ್ದವು: ಎಂಜಿನ್ನಿನ ಶಕ್ತಿ, ಗಾಡಿಯ ತೂಕ, ಗೇರುಗಳ ಜೋಡಣೆ, ಕ್ಲಚ್ಚಿನ ಗಟ್ಟಿತನ, ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿಹಿಡಿಯುವ ಸಸ್ಪೆನ್ಷನ್, ಕೊನೆಗೆ ಚಾಲಕನ ಕೈಕಾಲಿನ ಹದ. ಇದರಲ್ಲಿ ಒಂದು ಕೈಕೊಟ್ಟರೂ ಸಂಖ್ಯೆ ಹಾಳಾಗುತ್ತಿತ್ತು. 1992ರಲ್ಲಿ ಬಂದ ಮೆಕ್‌ಲಾರೆನ್ ಎಫ್1 ಸುಮಾರು 3.2 ಸೆಕೆಂಡಿನಲ್ಲಿ 60 ಮೈಲಿ ಮುಟ್ಟಿದಾಗ ಜಗತ್ತು ಬೆರಗಾದದ್ದು ಸರಿಯಾಗಿಯೇ ಇತ್ತು. ಸುಮಾರು 1,140 ಕೆ.ಜಿ.ಯ ಗಾಡಿ, ಬಿಎಂಡಬ್ಲ್ಯೂ ಕೊಟ್ಟ ವಿ12 ಎಂಜಿನ್, ಕೈಯಿಂದ ಹಾಕುವ ಗೇರು. ಆ ಸಮಯದ ಹಿಂದೆ ಗಾರ್ಡನ್ ಮರ್ರೆ ಎಂಬ ವಿನ್ಯಾಸಕ ಒಂದೊಂದು ಗ್ರಾಂ ತೂಗಿ ತೆಗೆದ ಕಥೆ ಇತ್ತು. ಸಂಖ್ಯೆ ಇಡೀ ಕಾರಿನ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ವಿದ್ಯುತ್ ಮೋಟಾರು ಬಂದು ಈ ನಂಟನ್ನು ಕಡಿಯಿತು. ಮೋಟಾರು ತಿರುಗಲು ಶುರುವಾದ ಕ್ಷಣದಲ್ಲೇ ಪೂರ್ತಿ ತಿರುಗುಬಲ ಸಿಗುತ್ತದೆ. ಗೇರು ಬದಲಿಸುವ ಕೆಲಸವಿಲ್ಲ, ಕ್ಲಚ್ ಇಲ್ಲ. ಮುಂದೊಂದು ಹಿಂದೊಂದು ಮೋಟಾರಿಟ್ಟರೆ ನಾಲ್ಕೂ ಚಕ್ರಗಳು ನೆಲ ಕಚ್ಚುತ್ತವೆ, ಯಾವುದಾದರೂ ಜಾರಲು ಹೊರಟರೆ ಸಾಫ್ಟ್‌ವೇರ್ ಮಿಲಿಸೆಕೆಂಡುಗಳಲ್ಲಿ ಹಿಡಿದು ನಿಲ್ಲಿಸುತ್ತದೆ. ಉಳಿಯುವ ಮಿತಿ ಟೈರಿನ ಹಿಡಿತ ಒಂದೇ. ಹಾಗಾಗಿ ಐದು ಜನ ಕೂರುವ, ಹಿಂದೆ ಸೂಟ್‌ಕೇಸ್ ತುಂಬುವ, ಎರಡು ಟನ್ನಿನ ಸಂಸಾರದ ಗಾಡಿಯೂ ನಾಲ್ಕು ಸೆಕೆಂಡಿನೊಳಗೆ ನೂರು ಮುಟ್ಟುತ್ತದೆ.

ನಮ್ಮ ದೇಶದಲ್ಲಿ 2024ರಲ್ಲಿ ಬಿಡುಗಡೆಯಾದ ಬಿವೈಡಿ ಸೀಲ್ ಸೆಡಾನ್ ನೋಡಿ. ಅದರ ಪರ್ಫಾರ್ಮೆನ್ಸ್ ಮಾದರಿ ನೂರು ಮುಟ್ಟಲು 3.8 ಸೆಕೆಂಡ್ ತೆಗೆದುಕೊಳ್ಳುತ್ತದೆಂದು ಕಂಪನಿ ಹೇಳುತ್ತದೆ. ಹೇಳುವುದಷ್ಟೇ ಅಲ್ಲ, ಡಿಕ್ಕಿಯ ಮೇಲೆ ಆ 3.8 ಅನ್ನು ಲೋಹದ ಅಕ್ಷರದಲ್ಲಿ ಬರೆದು ಅಂಟಿಸಿದೆ. ಹಿಂದೆಲ್ಲ ಡಿಕ್ಕಿಯ ಮೇಲೆ ಎಂಜಿನ್ನಿನ ಲೀಟರ್ ಲೆಕ್ಕ ಇರುತ್ತಿತ್ತು, ಈಗ ಪರೀಕ್ಷೆಯ ಅಂಕಪಟ್ಟಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಓಡಾಡುವ ಕಾಲ. ಅದು ಒಳ್ಳೆಯ ಸೆಡಾನ್, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಪೋರ್ಷೆ 911 ಜಿಟಿ3 ಕಾರಿನ ಮ್ಯಾನುಯಲ್ ಗೇರಿನ ಮಾದರಿಗೆ ಕಂಪನಿಯೇ ಕೊಟ್ಟ ಸಮಯ 3.9 ಸೆಕೆಂಡ್. ಈಗ ಹೇಳಿ, ನಿಮ್ಮ ಅಳತೆಗೋಲಿನ ಪ್ರಕಾರ ಆ ಸೆಡಾನ್ ಜಿಟಿ3ಗಿಂತ ದೊಡ್ಡ ಸ್ಪೋರ್ಟ್ಸ್ ಕಾರೇ? ಎರಡನ್ನೂ ಕಟ್ಟಿದವರು ಇದನ್ನು ಒಪ್ಪುವುದಿಲ್ಲ. ಸಂಘದ ಕೂಟದಲ್ಲಿ ಪ್ಲೇಟು ಹಿಡಿದು ವಾದಿಸುವವರು ಮಾತ್ರ ಒಪ್ಪುತ್ತಾರೆ.

ಇನ್ನು ಈ ಅಂಕಿ ಎಷ್ಟು ಶುದ್ಧ ಎಂಬುದನ್ನೂ ನೋಡೋಣ. 2021ರಲ್ಲಿ ಬಂದ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ 1.99 ಸೆಕೆಂಡಿನಲ್ಲಿ 60 ಮೈಲಿ ಮುಟ್ಟುತ್ತದೆಂಬ ಸುದ್ದಿಯನ್ನು ನಾವೆಲ್ಲ ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡಿದೆವು. ಅದರ ಜೊತೆಗಿದ್ದ ಅಡಿಟಿಪ್ಪಣಿಯನ್ನು ಯಾರೂ ಮಾಡಲಿಲ್ಲ. ಅಮೆರಿಕದ ಡ್ರ್ಯಾಗ್ ರೇಸಿನ ಸಂಪ್ರದಾಯದಂತೆ ಮೊದಲ ಒಂದು ಅಡಿ ದೂರ ಈ ಲೆಕ್ಕದಲ್ಲಿ ಇಲ್ಲ. ಅದಕ್ಕೆ 'ರೋಲೌಟ್' ಎನ್ನುತ್ತಾರೆ. ಕಾರು ಒಂದು ಅಡಿ ಮುಂದೆ ಹೋದ ಮೇಲೆ ಗಡಿಯಾರ ಶುರು. ಒಂದು ಅಡಿಯಲ್ಲಿ ಏನಾಗುತ್ತೆ ಅನ್ನುತ್ತೀರಾ? ಪಿಯುಸಿ ಭೌತಶಾಸ್ತ್ರ ಸಾಕು. 1 ಜಿ ವೇಗೋತ್ಕರ್ಷದಲ್ಲಿ 30 ಸೆಂಟಿಮೀಟರ್ ದಾಟಲು ಸುಮಾರು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರಿನ ವೇಗ ಗಂಟೆಗೆ ಹತ್ತಿರ ಹತ್ತಿರ 9 ಕಿ.ಮೀ. ಆಗಿರುತ್ತದೆ. ಅಂದರೆ ಅದು ಸೊನ್ನೆಯಿಂದ ಅಲ್ಲ, ಒಂಬತ್ತರಿಂದ. ಮುಟ್ಟುವುದೂ ನೂರಲ್ಲ, 97. ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿ ಮಧ್ಯದ ತುಂಡನ್ನು ತೋರಿಸಿದಂತೆ. ಇದರ ಮೇಲೆ ಬ್ಯಾಟರಿಯನ್ನು ಹದವಾದ ಬಿಸಿಗೆ ತರಬೇಕು, ಚಾರ್ಜ್ ತುಂಬಿರಬೇಕು, ಟೈರು ಅಂಟುವಂತೆ ಸಿದ್ಧಪಡಿಸಿದ ನೆಲ ಇರಬೇಕು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವನಿಗೆ ಸವಾಲು ಹಾಕುವಾಗ ಇದರಲ್ಲಿ ಒಂದೂ ಇರುವುದಿಲ್ಲ.

ಈಗ ನೆಲ ಡೊಂಕಾಗಿರುವ ಕಡೆ ಹೋಗೋಣ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ಉತ್ತರ ಸುತ್ತು 20.8 ಕಿ.ಮೀ. ಉದ್ದ. ಏರು, ಇಳಿವು, ಎಪ್ಪತ್ತಕ್ಕೂ ಹೆಚ್ಚು ತಿರುವು. 2021ರಲ್ಲಿ ಜಿಟಿ3 ಆ ಪೂರ್ತಿ ಸುತ್ತನ್ನು 6 ನಿಮಿಷ 59.927 ಸೆಕೆಂಡಿನಲ್ಲಿ ಮುಗಿಸಿತು. ಪ್ಲೇಡ್ ತನ್ನ ವಿಶೇಷ ಟ್ರ್ಯಾಕ್ ಬ್ರೇಕುಗಳನ್ನು ಹಾಕಿಕೊಂಡು 2023ರಲ್ಲಿ ಮಾಡಿದ ಸಮಯ 7 ನಿಮಿಷ 25.231 ಸೆಕೆಂಡ್. ಪ್ಲೇಡ್‌ಗೆ 1,020 ಅಶ್ವಶಕ್ತಿ, ಜಿಟಿ3ಗೆ ಅದರ ಅರ್ಧ. ನೇರ ರಸ್ತೆಯಲ್ಲಿ ನೂರು ಮುಟ್ಟುವಾಗ ಒಂದು ಸೆಕೆಂಡಿಗೂ ಹೆಚ್ಚು ಮುಂದಿದ್ದ ಕಾರು, ಒಂದು ಸುತ್ತು ಮುಗಿಯುವಷ್ಟರಲ್ಲಿ 25 ಸೆಕೆಂಡ್ ಹಿಂದೆ. ಉತ್ತರನ ಪೌರುಷ ಒಲೆ ಮುಂದೆ ಎಂಬ ಗಾದೆ ಇಂಥದ್ದಕ್ಕೇ ಇರಬೇಕು.

"ಅಲ್ಲಪ್ಪ, ಪ್ಲೇಡ್ ಸಂಸಾರದ ಗಾಡಿ, ಜಿಟಿ3 ಟ್ರ್ಯಾಕಿಗೆಂದೇ ಕಟ್ಟಿದ್ದು, ಹೋಲಿಕೆ ಸರಿಯಲ್ಲ" ಎನ್ನುವವರು ನನ್ನ ಕೆಲಸವನ್ನು ಹಗುರ ಮಾಡುತ್ತಾರೆ. ಸಂಸಾರದ ಗಾಡಿ ಯಾವುದು, ಸ್ಪೋರ್ಟ್ಸ್ ಕಾರು ಯಾವುದು ಎಂದು ಬೇರೆ ಮಾಡಿ ತೋರಿಸಲಾಗದ ಅಳತೆಗೋಲು ಸ್ಪೋರ್ಟ್ಸ್ ಕಾರನ್ನು ಅಳೆಯಲು ಹೇಗೆ ಬಂದೀತು?

ತಿರುವಿನ ಗಣಿತ ಸರಳ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದವರಿಗೆ ಅಲ್ಲಿನ 14 ಹೇರ್‌ಪಿನ್ ತಿರುವುಗಳು ಗೊತ್ತು. 12 ಮೀಟರ್ ತ್ರಿಜ್ಯದ ಒಂದು ತಿರುವು ಎಂದುಕೊಳ್ಳಿ. ಟೈರಿನ ಹಿಡಿತ 1 ಜಿ ಇದ್ದರೆ ಆ ತಿರುವನ್ನು ದಾಟಬಹುದಾದ ಗರಿಷ್ಠ ವೇಗ ಗಂಟೆಗೆ ಸುಮಾರು 39 ಕಿ.ಮೀ. ಈ ಸೂತ್ರದಲ್ಲಿ ಅಶ್ವಶಕ್ತಿ ಎಂಬ ಪದವೇ ಬರುವುದಿಲ್ಲ. ಸಾವಿರವಿದ್ದರೂ ಮೂವತ್ತೊಂಬತ್ತು, ನೂರಿದ್ದರೂ ಮೂವತ್ತೊಂಬತ್ತು. ಕಾಗದದ ಮೇಲೆ ತೂಕವೂ ಬರುವುದಿಲ್ಲ. ಆದರೆ ರಬ್ಬರು ಕಾಗದದಂತೆ ನಡೆಯುವುದಿಲ್ಲ. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಭಾರದ ಗಾಡಿ ಪ್ರತಿ ತಿರುವಿನಲ್ಲೂ ಈ ಬಡ್ಡಿ ಕಟ್ಟುತ್ತಾ ಹೋಗುತ್ತದೆ. ಅಗಲವಾದ ಟೈರು ಹಾಕಿದರೆ ಬಡ್ಡಿ ಕಡಿಮೆಯಾಗುತ್ತದೆ, ಅಸಲು ಉಳಿಯುತ್ತದೆ.

ಬ್ರೇಕಿನ ಕಥೆ ಇನ್ನೂ ಕಟುವಾದದ್ದು. ನೂರು ಕಿ.ಮೀ. ವೇಗದಲ್ಲಿ ಒಂದು ಟನ್ನಿನ ಗಾಡಿಯ ಚಲನಶಕ್ತಿ ಸುಮಾರು 386 ಕಿಲೋಜೂಲ್. ಎರಡು ಟನ್ನಿಗೆ 772. ಮೇಲೆ ಹೋದದ್ದು ಕೆಳಗೆ ಇಳಿಯಲೇಬೇಕು, ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಸ್ವಲ್ಪ ಬ್ಯಾಟರಿಗೆ ವಾಪಸ್ ಹೋಗುತ್ತದೆ, ಜೋರಾಗಿ ಒತ್ತಿದಾಗ ಉಳಿದದ್ದು ಬ್ರೇಕಿನ ಡಿಸ್ಕಿನಲ್ಲಿ ಶಾಖವಾಗುತ್ತದೆ. ದಕ್ಷಿಣದ ಒಂದು ಟ್ರ್ಯಾಕಿನಲ್ಲಿ ನಾವು ಕೆಲವು ಸಹೋದ್ಯೋಗಿಗಳು ದುಡ್ಡು ಕಟ್ಟಿ ಒಂದು ದಿನ ಕಾರು ಓಡಿಸಿದ್ದೆವು. ಗುಂಪಿನಲ್ಲಿ ಅತ್ಯಂತ ಕಡಿಮೆ ಸೆಕೆಂಡಿನ ಕಾರು ಮೂರನೇ ಸುತ್ತಿನ ಹೊತ್ತಿಗೆ ಸುಟ್ಟ ವಾಸನೆ ಹೊಡೆಯುತ್ತಾ ಪಿಟ್ಟಿಗೆ ಬಂದು ನಿಂತಿತು. ಅದರ ಪೆಡಲ್ ಮೆತ್ತಗಾಗಿತ್ತು. ಹತ್ತು ವರ್ಷ ಹಳೆಯ, ಟನ್ನಿಗಿಂತ ಸ್ವಲ್ಪವೇ ಹೆಚ್ಚು ತೂಗುವ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಮಧ್ಯಾಹ್ನದ ಊಟದವರೆಗೂ ಸುತ್ತುತ್ತಲೇ ಇತ್ತು. ಯಾರ ಮುಖದಲ್ಲಿ ಹೆಚ್ಚು ನಗು ಇತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕರಾವಳಿಯ ನಮಗೆ ಈ ಪಾಠ ಹೊಸದೇನಲ್ಲ. 2020ರ ಫೆಬ್ರವರಿ ನೆನಪಿದೆಯೇ? ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿದರು: ನೂರು ಮೀಟರಿಗೆ 9.55 ಸೆಕೆಂಡ್. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ಅಷ್ಟೇ, ದೇಶವಿಡೀ ಹುಚ್ಚೆದ್ದಿತು. ದೆಹಲಿಯಿಂದ ಆಯ್ಕೆ ಪರೀಕ್ಷೆಗೆ ಕರೆ ಬಂತು. ಆ ಗದ್ದಲದಲ್ಲಿ ವಿವೇಕದಿಂದ ಮಾತಾಡಿದವರು ಗೌಡರೊಬ್ಬರೇ. ತಾನು ಓಡುವುದು ಕೆಸರುಗದ್ದೆಯಲ್ಲಿ, ಬೋಲ್ಟ್ ಜೊತೆ ಹೋಲಿಸಬೇಡಿ ಎಂದರು, ಓಟದ ಶ್ರೇಯವನ್ನು ಕೋಣಗಳಿಗೂ ಕೊಟ್ಟರು. ಕಂಬಳ ಬಲ್ಲವರಿಗೆ ಗೊತ್ತು, ಅಲ್ಲಿನ ವಿದ್ಯೆ ಕೋಣಗಳ ಓಟಕ್ಕೆ ತನ್ನ ಓಟವನ್ನು ಹೊಂದಿಸಿಕೊಳ್ಳುವುದರಲ್ಲಿ, ಕೆಸರಿನಲ್ಲಿ ಹಗ್ಗ ಬಿಡದೆ ಮಂಜೊಟ್ಟಿ ಮುಟ್ಟುವುದರಲ್ಲಿ ಇದೆ. ಕನೆಹಲಗೆ ವಿಭಾಗದಲ್ಲಂತೂ ಗಡಿಯಾರಕ್ಕೆ ಕೆಲಸವೇ ಇಲ್ಲ. ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಇಲ್ಲವೇ ಎಂಬುದೇ ತೀರ್ಪು. ಯಾವುದನ್ನು ಯಾವುದರಿಂದ ಅಳೆಯಬೇಕು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಜಪಾನಿನ ಮಜ್ದಾ ಕಂಪನಿಗೂ ಅದು ಗೊತ್ತಿತ್ತು. 1989ರಲ್ಲಿ ಅವರು ಎಂಎಕ್ಸ್-5 ಎಂಬ ಎರಡು ಸೀಟಿನ ತೆರೆದ ಕಾರನ್ನು ತಂದರು. 1.6 ಲೀಟರ್ ಎಂಜಿನ್, ನೂರಹದಿನೈದರ ಆಸುಪಾಸಿನ ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ, ಹಿಂದಿನ ಚಕ್ರಗಳಿಗೆ ಚಾಲನೆ. ನೂರು ಮುಟ್ಟಲು 9 ಸೆಕೆಂಡಿನ ಹತ್ತಿರ ಬೇಕಿತ್ತು. ಇಂದಿನ ವಾಟ್ಸಾಪ್ ನ್ಯಾಯಾಲಯದಲ್ಲಿ ಅದು ಡಬ್ಬ. ಆದರೆ ಆ ಕಾರನ್ನು ರೂಪಿಸಿದ ತೋಶಿಹಿಕೊ ಹಿರಾಯ್ ಮತ್ತು ತಂಡದವರು ಇಟ್ಟುಕೊಂಡಿದ್ದ ಗುರಿ ಸೆಕೆಂಡುಗಳಲ್ಲಿ ಇರಲಿಲ್ಲ. 'ಜಿಂಬಾ ಇತ್ತಾಯ್' ಎಂಬ ಮಾತಿನಲ್ಲಿತ್ತು: ಕುದುರೆ ಮತ್ತು ಸವಾರ ಒಂದೇ ದೇಹವಾಗುವುದು. ನಮ್ಮ ಕೋಣ ಮತ್ತು ಓಟಗಾರನ ಹಾಗೆ. ಎಂಎಕ್ಸ್-5 ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಹತ್ತು ಲಕ್ಷ ಜನರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ ಅನ್ನುತ್ತೀರಾ?

ಪೋರ್ಷೆ ಇದನ್ನು ದುಡ್ಡಿನ ಭಾಷೆಯಲ್ಲಿ ಕಲಿಯಿತು. 2013ರ ಜಿಟಿ3ಗೆ ಅವರು ಮ್ಯಾನುಯಲ್ ಗೇರ್‌ಬಾಕ್ಸನ್ನೇ ಕೊಡಲಿಲ್ಲ. ಯಂತ್ರವೇ ಗೇರು ಬದಲಿಸಿದರೆ ಸಮಯ ಕಡಿಮೆ, ಹಾಗಾಗಿ ಅದೇ ಉತ್ತಮ ಎಂಬ ತರ್ಕ. ಗಿರಾಕಿಗಳು ಗೊಣಗಿದರು. 2016ರಲ್ಲಿ ಮ್ಯಾನುಯಲ್ ಮಾತ್ರ ಇರುವ 911 ಆರ್ ಎಂಬ ಮಾದರಿಯನ್ನು 991 ಕಾರುಗಳಷ್ಟೇ ಮಾಡಿದಾಗ ಅದು ಶೋರೂಮ್ ಬೆಲೆಗಿಂತ ಎಷ್ಟೋ ಹೆಚ್ಚಿಗೆ ಕೈ ಬದಲಾಯಿತು. ಮುಂದಿನ ವರ್ಷವೇ ಜಿಟಿ3ಗೆ ಮ್ಯಾನುಯಲ್ ವಾಪಸ್ ಬಂತು. ಈಗಿನ ಪೀಳಿಗೆಯ ಜಿಟಿ3 2021ರಲ್ಲಿ ಬಂದಾಗ ಸ್ವಯಂಚಾಲಿತ ಗೇರಿಗೆ 3.4 ಸೆಕೆಂಡ್, ಮ್ಯಾನುಯಲ್‌ಗೆ 3.9. ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಬೇಕೆಂದೇ ಕೇಳಿ ಕೊಳ್ಳುವ ಜನರಿದ್ದಾರೆ. ಅವರು ದಡ್ಡರಲ್ಲ. ಆ ಅರ್ಧ ಸೆಕೆಂಡಿನಲ್ಲಿ ತಮ್ಮ ಎಡಗಾಲಿಗೂ ಎಡಗೈಗೂ ಸ್ವಲ್ಪ ಕೆಲಸವಿದೆ ಎಂಬುದಕ್ಕೇ ಅವರು ದುಡ್ಡು ಕೊಡುತ್ತಿರುವುದು.

ಈ ಅಂಕಿಯ ಮೋಹ ಏನು ಮಾಡಬಲ್ಲದು ಎಂಬುದಕ್ಕೆ ಲೋಟಸ್‌ಗಿಂತ ದೊಡ್ಡ ಉದಾಹರಣೆ ಬೇಡ. ಕಾಲಿನ್ ಚಾಪ್ಮನ್ ಕಟ್ಟಿದ ಆ ಇಂಗ್ಲಿಷ್ ಕಂಪನಿಯ ಹೆಸರೇ ಹಗುರತನಕ್ಕೆ ಇನ್ನೊಂದು ಹೆಸರಾಗಿತ್ತು. 1996ರ ಲೋಟಸ್ ಎಲೀಸ್ ತೂಗುತ್ತಿದ್ದದ್ದು ಸುಮಾರು 725 ಕೆ.ಜಿ. ನಮ್ಮ ಹಳೆಯ ಮಾರುತಿ 800ರ ಆಸುಪಾಸು. ಅದೇ ಲೋಟಸ್ 2023ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟದ್ದು ಎಲೆಟ್ರೆ ಎಂಬ ಎಸ್‌ಯುವಿಯೊಂದಿಗೆ. ಅದರ ಆರ್ ಮಾದರಿಯ ತೂಕ ಎರಡೂವರೆ ಟನ್ನಿಗಿಂತ ಹೆಚ್ಚು. ಮೂರು ಎಲೀಸ್‌ಗಳನ್ನು ಒಂದರ ಮೇಲೊಂದು ಪೇರಿಸಿದರೂ ಸಾಲದು. ಆದರೆ ನೂರಕ್ಕೆ 2.95 ಸೆಕೆಂಡ್! ಕರಪತ್ರದ ಆ ಸಾಲಿನ ಮುಂದೆ ಎಲೀಸ್ ಸೋತಿತು, ಚಾಪ್ಮನ್ ಸೋತರು. ಅಳತೆಗೋಲು ಬದಲಾದಾಗ ಕಂಪನಿಯ ಧರ್ಮವೇ ಬದಲಾಗುತ್ತದೆ.

ಇದು ಕಾರಿನವರ ರೋಗ ಮಾತ್ರ ಅಲ್ಲ, ನಮ್ಮ ವೃತ್ತಿಯಲ್ಲಿರುವವರಿಗೆ ಚೆನ್ನಾಗಿ ಗೊತ್ತು. ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞರ ಹೆಸರಿನಲ್ಲಿ ಒಂದು ನಿಯಮವಿದೆ: ಯಾವುದೇ ಅಳತೆ ಗುರಿಯಾಗಿಬಿಟ್ಟರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಹಿಂದೊಮ್ಮೆ ನಾನಿದ್ದ ಒಂದು ಪ್ರಾಜೆಕ್ಟಿನಲ್ಲಿ ಮೇಲಿನವರು ಪ್ರತಿ ಸ್ಪ್ರಿಂಟಿನ 'ವೆಲಾಸಿಟಿ' ಏರುತ್ತಲೇ ಇರಬೇಕೆಂದರು. ಏರಿತು. ಮೊದಲು ಮೂರು ಪಾಯಿಂಟ್ ಎನ್ನುತ್ತಿದ್ದ ಕೆಲಸವನ್ನು ಹುಡುಗರು ಐದು ಎನ್ನತೊಡಗಿದರು, ಐದನ್ನು ಎಂಟು. ಗ್ರಾಫ್ ಆಕಾಶಕ್ಕೆ ಏರಿತು, ಸಾಫ್ಟ್‌ವೇರ್ ಇದ್ದಲ್ಲೇ ಇತ್ತು. ಸಿಇಟಿ ರ‍್ಯಾಂಕು, ಸಿಜಿಪಿಎ, ಪ್ಯಾಕೇಜು ಎಂದು ಒಂದೊಂದೇ ಸಂಖ್ಯೆಯಿಂದ ಅಳೆಸಿಕೊಂಡು ಊರು ಬಿಟ್ಟು ಬಂದವರು ನಾವು. ಒಂದು ಸಂಖ್ಯೆಯೊಳಗೆ ಮನುಷ್ಯ ಹಿಡಿಸುವುದಿಲ್ಲ ಎಂದು ಅನುಭವದಿಂದ ಬಲ್ಲ ನಾವೇ, ಕಾರಿನ ಮಾತು ಬಂದಾಗ ಒಂದು ಸಂಖ್ಯೆಗೆ ಜೋತುಬೀಳುವುದು ಸೋಜಿಗ.

ಎದುರು ವಾದಗಳಲ್ಲಿ ಎರಡು ಗಟ್ಟಿಯಾಗಿವೆ, ಅವಕ್ಕೆ ಉತ್ತರ ಕೊಡಬೇಕು. ಮೊದಲನೆಯದು: "ಸೆಕೆಂಡು ಎಲ್ಲರಿಗೂ ಒಂದೇ. ಸ್ಟೀರಿಂಗಿನ ಅನುಭವ, ಕಾರಿನ ಮಾತು, ಲಯ ಅಂತೆಲ್ಲ ನೀವು ಹೇಳುವುದು ಕವಿತೆ. ಅದನ್ನು ಅಳೆಯುವುದು ಹೇಗೆ?" ಒಪ್ಪಿದೆ, ಅಳೆಯಲು ಬರುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಆದರೆ ಅಳೆಯಬಹುದಾದದ್ದು ಸೊನ್ನೆಯಿಂದ ನೂರು ಒಂದೇ ಎಂದು ಯಾರು ಹೇಳಿದರು? ತೂಕ ಕೆ.ಜಿ.ಯಲ್ಲಿ ಇದೆ, ಅದೂ ಎಲ್ಲರಿಗೂ ಒಂದೇ. ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ತೂಕ ಎಷ್ಟೆಷ್ಟು ಹಂಚಿದೆ ಎಂಬುದು ಶೇಕಡಾವಾರಿನಲ್ಲಿ ಇದೆ. ನೂರರಿಂದ ಸೊನ್ನೆಗೆ ಬರಲು ಬೇಕಾದ ಮೀಟರ್ ಲೆಕ್ಕವಿದೆ. ಅದೇ ಬ್ರೇಕನ್ನು ಹತ್ತನೇ ಸಲ ಒತ್ತಿದಾಗ ಆ ಲೆಕ್ಕ ಎಷ್ಟಾಗುತ್ತದೆ ಎಂಬುದೂ ಇದೆ. ಇವುಗಳನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕದಿರುವುದು ಅಳೆಯಲು ಬರದ ಕಾರಣಕ್ಕಲ್ಲ. ಇನ್ನು ಕವಿತೆಯ ಮಾತು: ಗಾಯಕನನ್ನು ನಾವು ಡೆಸಿಬಲ್‌ನಲ್ಲಿ ಅಳೆಯುವುದಿಲ್ಲ. ಹಾಗೆಂದ ಮಾತ್ರಕ್ಕೆ ಒಳ್ಳೆಯ ಗಾಯಕ, ಕೆಟ್ಟ ಗಾಯಕ ಎಂಬ ಭೇದ ಸುಳ್ಳಾಗುವುದಿಲ್ಲ.

ಎರಡನೆಯದು: "ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕಲು ವೇಗ ಬೇಕಲ್ಲ?" ಬೇಕು, ಖಂಡಿತ ಬೇಕು. ಆದರೆ ಲಾರಿಯನ್ನು ಹಿಂದೆ ಹಾಕುವವರು ಯಾರೂ ಸೊನ್ನೆಯಿಂದ ಶುರು ಮಾಡುವುದಿಲ್ಲ. ಅಲ್ಲಿ ಬೇಕಾದದ್ದು 60ರಿಂದ 100ಕ್ಕೆ, 80ರಿಂದ 120ಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕ, ಮತ್ತು ಪೆಡಲ್ ಒತ್ತಿದ ತಕ್ಷಣ ಗಾಡಿ ಓಗೊಡುತ್ತದೆಯೇ ಎಂಬುದು. ಅದನ್ನು ಕೇಳಿ, ನಾನೂ ಜೊತೆಗಿದ್ದೇನೆ. ಅದು ಸುರಕ್ಷತೆಯ ಪ್ರಶ್ನೆ. ನಿಂತಲ್ಲಿಂದ ಜಿಗಿಯುವ ಸಮಯ ಸಿಗ್ನಲ್ಲಿನ ಪ್ರತಿಷ್ಠೆಯ ಪ್ರಶ್ನೆ.

ನ್ಯೂರ್‌ಬರ್ಗ್‌ರಿಂಗ್‌ನ ಸಮಯವನ್ನು ಈ ಅಂಕಿಯ ಜಾಗದಲ್ಲಿ ಕೂರಿಸಿ ಎಂದೂ ನಾನು ಹೇಳುತ್ತಿಲ್ಲ. ಅದಕ್ಕೂ ಗುಡ್‌ಹಾರ್ಟ್ ಕಾಯಿಲೆ ಹತ್ತಿದೆ. ವಿಶೇಷ ಟೈರು, ವಿಶೇಷ ಚಾಲಕ, ವಿಶೇಷ ದಿನ ಹುಡುಕಿ ದಾಖಲೆ ಮಾಡುತ್ತಾರೆ. ಆ ಲೆಕ್ಕದಲ್ಲೂ ಎಂಎಕ್ಸ್-5 ಸೋಲುತ್ತದೆ. ಒಂದು ದೊರೆಯನ್ನು ಇಳಿಸಿ ಇನ್ನೊಬ್ಬನಿಗೆ ಪಟ್ಟ ಕಟ್ಟುವುದಲ್ಲ, ದೊರೆತನವನ್ನೇ ಬಿಡುವುದು ನನ್ನ ಬೇಡಿಕೆ.

ಇದೆಲ್ಲ ಹವ್ಯಾಸಿಗಳ ಜಗಳ, ಇದರಿಂದ ಯಾರಿಗೇನು ನಷ್ಟ ಎನ್ನಬಹುದು. ನಷ್ಟವಿದೆ. ನಮ್ಮ ತಂಡದಲ್ಲಿ ದಾವಣಗೆರೆಯ ಹುಡುಗನೊಬ್ಬನಿದ್ದಾನೆ, ಇಪ್ಪತ್ತೇಳು ವಯಸ್ಸು. ಏಳು ವರ್ಷದ ಸಾಲ ಮಾಡಿ ಕಾರು ಕೊಳ್ಳುವವನಿದ್ದ.

"ಸರ್, ಐದಕ್ಕಿಂತ ಕಡಿಮೆ ಸರ್!" ಅಂದ.

"ದಿನಾ ಎಲ್ಲಿಂದ ಎಲ್ಲಿಗೆ ಓಡಿಸ್ತೀಯಪ್ಪ?" ಅಂದೆ.

"ಹಿಂಜವಡಿಯಿಂದ ವಾಕಡ್‌ಗೆ ಸರ್."

ಆ ರಸ್ತೆ ಬಲ್ಲ ಪುಣೆಯ ಓದುಗರು ಇಲ್ಲಿ ಸ್ವಲ್ಪ ಹೊತ್ತು ನಗಬಹುದು. ಟೆಸ್ಟ್ ಡ್ರೈವ್ ಹೇಗಿತ್ತು ಎಂದು ಕೇಳಿದೆ. ಶೋರೂಮಿನವರು ನೇರ ರಸ್ತೆಗೆ ಕರೆದುಕೊಂಡು ಹೋಗಿ ಒಂದು ಸಲ ಜೋರಾಗಿ ಒತ್ತಿ ತೋರಿಸಿದರಂತೆ, ಇವನ ಬೆನ್ನು ಸೀಟಿಗೆ ಅಂಟಿತಂತೆ. ಬ್ರೇಕ್ ಗಟ್ಟಿಯಾಗಿ ಒತ್ತಿ ನೋಡಿದೆಯಾ? ಇಲ್ಲ. ಒಂದಾದರೂ ತಿರುವು ತಿರುಗಿಸಿದೆಯಾ? ಯು-ಟರ್ನ್ ತಗೊಂಡ್ವಿ ಸರ್. ಅವನ ಏಳು ವರ್ಷದ ಸಂಬಳದ ಒಂದು ಭಾಗ ಐದು ಸೆಕೆಂಡಿನ ಆ ರೋಮಾಂಚನಕ್ಕೆ ಹೋಗುವುದಿತ್ತು. ಮನುಷ್ಯನ ಬೆನ್ನು ಎರಡು ತಿಂಗಳಲ್ಲಿ ಆ ತಳ್ಳಾಟಕ್ಕೆ ಒಗ್ಗಿಹೋಗುತ್ತದೆ. ಕಂತು ಒಗ್ಗುವುದಿಲ್ಲ.

ಹಣದ ನಷ್ಟಕ್ಕಿಂತ ದೊಡ್ಡದು ಇನ್ನೊಂದಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವಿಗೆ ಮಿತಿಮೀರಿದ ವೇಗವೇ ಕಾರಣವೆಂದು ದಾಖಲಾಗಿದೆ. ಕಾರಿನ ಕರಪತ್ರ ಇವರನ್ನು ಕೊಂದಿತು ಎಂಬ ಅಗ್ಗದ ಮಾತನ್ನು ನಾನು ಆಡುವುದಿಲ್ಲ. ಸತ್ತವರಲ್ಲಿ ಹೆಚ್ಚಿನವರು ದ್ವಿಚಕ್ರದವರು, ನಡೆದು ಹೋಗುತ್ತಿದ್ದವರು. ಆದರೆ ಕೊಂಡ ಸಂಖ್ಯೆಯನ್ನು ಎಲ್ಲಾದರೂ ತೋರಿಸಬೇಕಲ್ಲ? ಈ ವಿಶಾಲ ದೇಶದಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ ಎಂದು ಬೆರಳೆಣಿಕೆಯ ಟ್ರ್ಯಾಕುಗಳು. ಉಳಿದವರ ರಂಗಸ್ಥಳ ಎಕ್ಸ್‌ಪ್ರೆಸ್‌ವೇ. ಮುಂಬೈ-ಪುಣೆ ದಾರಿಯಲ್ಲಿ ಕಾರಿಗೆ ಇರುವ ಮಿತಿ ನೂರು. ನಾಲ್ಕು ಸೆಕೆಂಡಿನಲ್ಲಿ ಆ ಮಿತಿ ಮುಗಿದುಹೋದ ಮೇಲೆ ಐದನೇ ಸೆಕೆಂಡಿನಲ್ಲಿ ಏನು ಮಾಡುವುದು? ಎಂಎಕ್ಸ್-5ರಂಥ ಕಾರಿನ ಗುಟ್ಟು ಇರುವುದೇ ಇಲ್ಲಿ. ಅದರಲ್ಲಿ ಐವತ್ತು ಕಿ.ಮೀ. ವೇಗದಲ್ಲೂ ಕೈಗೆ, ಕಾಲಿಗೆ, ಕಿವಿಗೆ ಕೆಲಸವಿದೆ, ಖುಷಿಯಿದೆ. ಖುಷಿಪಡಲು ಕಾನೂನು ಮುರಿಯಬೇಕಾಗಿಲ್ಲ, ಬೇರೆಯವರ ಜೀವವನ್ನು ಪಣಕ್ಕಿಡಬೇಕಾಗಿಲ್ಲ.

ಅಂಥ ಕಾರು ನಮಗೆ ಸಿಗುತ್ತದೆಯೇ? ಮಜ್ದಾ ನಮ್ಮ ದೇಶದಲ್ಲಿ ಕಾರು ಮಾರುವುದೇ ಇಲ್ಲ. ಮಧ್ಯಮ ವರ್ಗದ ಕೈಗೆಟುಕುವ, ಹಗುರವಾದ, ಹಿಂದಿನ ಚಕ್ರ ಚಾಲನೆಯ ಎರಡು ಸೀಟಿನ ಕಾರನ್ನು ಇಲ್ಲಿ ಯಾರೂ ಕಟ್ಟುತ್ತಿಲ್ಲ. ಯಾಕೆ ಕಟ್ಟಬೇಕು? ನೂರು ಮುಟ್ಟಲು ಎಂಟು ಸೆಕೆಂಡ್ ಎಂದರೆ ನಾವೇ ಮೂಗು ಮುರಿಯುತ್ತೇವೆ. ಮಾರುಕಟ್ಟೆ ನಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ, ನಮ್ಮ ಮನಸ್ಸಿನ ಆಸೆಗಲ್ಲ. ಪ್ರಶ್ನೆ ಸೆಕೆಂಡಿನದಾದರೆ ಉತ್ತರ ಇನ್ನೂರು ಕೆ.ಜಿ. ಹೆಚ್ಚಿನ ಬ್ಯಾಟರಿ, ಇನ್ನೊಂದು ಮೋಟಾರು. ಪೆಟ್ರೋಲೋ ವಿದ್ಯುತ್ತೋ ಎಂಬುದಲ್ಲ ನನ್ನ ತಕರಾರು. ನಾಳೆ ಯಾರಾದರೂ ಒಂದು ಟನ್ನಿನ ವಿದ್ಯುತ್ ಸ್ಪೋರ್ಟ್ಸ್ ಕಾರು ಕಟ್ಟಿದರೆ ಮೊದಲ ಸಾಲಿನಲ್ಲಿ ನಾನೇ ನಿಲ್ಲುತ್ತೇನೆ. ಆದರೆ ಅಂಥದ್ದನ್ನು ಕಟ್ಟುವ ಎಂಜಿನಿಯರ್ ತನ್ನ ಮೇಲಧಿಕಾರಿಗೆ ತೋರಿಸಲು ನಮ್ಮಂಥ ಗಿರಾಕಿಗಳ ಬೇರೆ ಪ್ರಶ್ನೆಗಳು ಬೇಕು.

ಹಾಗಾಗಿ ಶೋರೂಮಿಗೆ ಹೋದಾಗ ಮೊದಲು ತೂಕ ಕೇಳಿ. ಮಾರುವವನಿಗೆ ಬಾಯಿಪಾಠ ಬರದಿದ್ದರೆ ನೋಂದಣಿ ಪತ್ರ ತೆಗೆಸಿ ನೋಡಿ. ಗಾಡಿಯನ್ನು ನೇರ ರಸ್ತೆಗೆ ಒಯ್ಯಲು ಬಿಡಬೇಡಿ, ತಿರುವಿರುವ, ಕುಳಿಯಿರುವ ರಸ್ತೆಗೆ ಒಯ್ಯಿರಿ. ಸುರಕ್ಷಿತ ಜಾಗ ನೋಡಿ ಗಟ್ಟಿಯಾಗಿ ಬ್ರೇಕ್ ಒತ್ತಿ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದಾಗ ಕಾರಿನ ಮೂಗು ಜೊತೆಗೇ ತಿರುಗುತ್ತದೆಯೇ, ಯೋಚನೆ ಮಾಡಿ ತಿರುಗುತ್ತದೆಯೇ ನೋಡಿ. ಕೆಳಗಿಳಿದ ಮೇಲೆ ಇನ್ನೊಂದು ಸುತ್ತು ಹೋಗಬೇಕು ಅನ್ನಿಸಿತೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇಷ್ಟಾದ ಮೇಲೂ ಸೊನ್ನೆಯಿಂದ ನೂರು ಎಷ್ಟು ಎಂದು ತಿಳಿಯುವ ಕುತೂಹಲ ಉಳಿದಿದ್ದರೆ ಕೇಳಿ, ತಪ್ಪೇನಿಲ್ಲ. ಜಾತಕದಲ್ಲಿ ಎತ್ತರವನ್ನೂ ಬರೆದಿರುತ್ತಾರೆ. ಅದನ್ನೊಂದೇ ನೋಡಿ ಯಾರೂ ಮದುವೆಯಾಗುವುದಿಲ್ಲ.